ಯಾರದೂ ಅಲ್ಲದ ನಾನೂರ ಹನ್ನೊಂದನೇ ಕಿಂಡಿ

ಬೀಗದಕ್ಕ ಎಂಬ ಹೆಸರು ಅವಳಿಗೆ ಇಟ್ಟವರು ಯಾರೆಂದು ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ. ಇಟ್ಟವರು ವರ್ಗವಾಗಿಯೋ ನಿವೃತ್ತರಾಗಿಯೋ ಹೋಗಿರಬೇಕು, ಹೆಸರು ಮಾತ್ರ ಉಳಿದುಕೊಂಡಿದೆ. ಹಾಗೆಂದು ಅವಳ ಸೊಂಟದಲ್ಲಿ ಬೀಗದಕೈ ಗೊಂಚಲು ತೂಗುತ್ತಿರುತ್ತದೆ ಎಂದು ತಿಳಿಯಬೇಡಿ. ಮನೆಯ ಬೀಗದಕೈಯನ್ನೇ ಎಲ್ಲೆಂದರಲ್ಲಿ ಇಟ್ಟು ಮರೆಯುವ ಹೆಂಗಸು ಅವಳು. ಅವಳು ಕಾಯುವುದು ಸೇನೆಯ ಕಂಪ್ಯೂಟರ್ ನೆಟ್‌ವರ್ಕಿನ ಗಡಿಯನ್ನು. ನಲವತ್ತು ಸಾವಿರ ಕಂಪ್ಯೂಟರುಗಳು, ಅವುಗಳ ಸುತ್ತ ಒಂದು ಗೋಡೆ, ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿಗಳು. ಗೋಡೆ ಎಂದರೆ ಇಟ್ಟಿಗೆ ಗಾರೆಯದಲ್ಲ, ಫೈರ್‌ವಾಲ್ ಎನ್ನುವ ಯಂತ್ರ. ಕಿಂಡಿ ಎಂದರೆ ಇಂಥವರು ಇಂಥಲ್ಲಿಗೆ ದಾಟಬಹುದು ಎಂದು ಆ ಯಂತ್ರದೊಳಗೆ ಬರೆದಿಟ್ಟ ಒಂದು ಸಾಲು. ಆ ಸಾಲುಗಳ ಪಟ್ಟಿ ಇಪ್ಪತ್ತಮೂರು ವರ್ಷದಿಂದ ಅವಳ ಕೈಯಲ್ಲಿದೆ.

ಅವಳು ಸಮವಸ್ತ್ರದವಳಲ್ಲ, ಸಂಬಳಕ್ಕೆ ಬರುವ ಸಾದಾ ನೌಕರಳು. ಬೆಳಿಗ್ಗೆ ಎಂಟಕ್ಕೆ ಬಾಗಿಲ ಬಳಿ ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು, ಕಿಟಕಿಯಿಲ್ಲದ ಒಂದು ಕೋಣೆಯೊಳಗೆ ಹೋದರೆ ಸಂಜೆ ಐದೂವರೆಯವರೆಗೆ ಹೊರಗೆ ಬಿಸಿಲೋ ಮಳೆಯೋ ಗೊತ್ತಾಗುವುದಿಲ್ಲ. ಯಂತ್ರಗಳಿಗೆ ಸೆಕೆ ಆಗಬಾರದೆಂದು ಕೋಣೆಯನ್ನು ತಣ್ಣಗೆ ಇಟ್ಟಿರುತ್ತಾರೆ. ಮನುಷ್ಯರಿಗೆ ಚಳಿ ಆಗಬಹುದೆಂದು ಯಾರಿಗೂ ಹೊಳೆದಿಲ್ಲ. ಬೇಸಿಗೆಯಲ್ಲೂ ಅವಳು ಸ್ವೆಟರ್ ಹಾಕಿಕೊಂಡು ಕೂರುತ್ತಾಳೆ. ಕತ್ತು ಹಿಡಿದುಕೊಂಡು ನಾಲ್ಕು ವರ್ಷವಾಯಿತು, ಕನ್ನಡಕ ಮೂರು ಸಲ ಬದಲಾಯಿತು. ಐವತ್ತನಾಲ್ಕು ವಯಸ್ಸಿಗೆ ಅವಳು ದಣಿದಿದ್ದಾಳೆ, ರಜೆ ಹಾಕಿ ಮಲಗಿದರೂ ಹೋಗದ ದಣಿವು ಅದು.

ದಿನವೂ ಹೊರಗಿನಿಂದ ಲಕ್ಷಗಟ್ಟಲೆ ಸಲ ಯಾರ್ಯಾರೋ ಈ ಗೋಡೆಯನ್ನು ತಟ್ಟಿ ನೋಡುತ್ತಾರೆ. ಅವರ ಬಗ್ಗೆ ಅವಳಿಗೆ ಅಷ್ಟು ತಲೆನೋವಿಲ್ಲ, ಕಳ್ಳರು ಕಳ್ಳರ ಕೆಲಸ ಮಾಡುತ್ತಾರೆ. ತಲೆನೋವೆಲ್ಲ ಒಳಗಿನವರದು. ಒಬ್ಬ ಅಧಿಕಾರಿ ಏದುಸಿರು ಬಿಡುತ್ತಾ ಬರುತ್ತಾನೆ, ತನ್ನ ವಿಭಾಗಕ್ಕೆ ಒಂದು ಕಿಂಡಿ ತುರ್ತಾಗಿ ಬೇಕು, ಎರಡೇ ವಾರಕ್ಕೆ ಸಾಕು ಎನ್ನುತ್ತಾನೆ. ಎರಡು ವಾರ ಕಳೆದ ಮೇಲೆ ಅವನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅವನಿಗೆ ವರ್ಗವಾಗಿರುತ್ತದೆ. ಅವನು ಹೋದರೂ ಕಿಂಡಿ ಬಾಯಿ ತೆರೆದುಕೊಂಡು ಹಾಗೆಯೇ ಇರುತ್ತದೆ. ಒಂಬತ್ತು ವರ್ಷದ ಹಿಂದೆ ಅಂಥದೇ ಒಂದು ಅನಾಥ ಕಿಂಡಿಯಲ್ಲಿ ಯಾರೋ ನುಗ್ಗಿ ನಾಲ್ಕು ತಿಂಗಳು ಒಳಗೇ ಓಡಾಡಿಕೊಂಡಿದ್ದರು. ಆಗಿನ ಮುಖ್ಯಸ್ಥರ ಕೆಲಸ ಹೋಯಿತು. ಅಂದಿನಿಂದ ಒಂದು ನಿಯಮ ಬಂತು: ಪ್ರತಿ ಕಿಂಡಿಗೂ ಒಬ್ಬ ಒಡೆಯ ಇರಬೇಕು, ಅವನು ಸೇವೆಯಲ್ಲಿರುವವನಾಗಿರಬೇಕು, ಇನ್ನೂ ಒಂದು ವರ್ಷವಾದರೂ ಇರುವವನಾಗಿರಬೇಕು. ಆ ಕಿಂಡಿಯಿಂದ ಏನೇ ಅನಾಹುತವಾದರೂ ಅವನ ತಲೆಗೇ ಬರುತ್ತದೆ. ಒಡೆಯ ಇಲ್ಲದ ಕಿಂಡಿಯನ್ನು ಮುಚ್ಚಬೇಕು.

ನಿಯಮ ಒಳ್ಳೆಯದೇ, ಬರೆಸಿದವಳೇ ಬೀಗದಕ್ಕ. ಆದರೆ ಒಡೆಯ ಯಾರೆಂದು ಕೇಳಿ ಪತ್ರ ಬರೆದರೆ ಯಾರೂ ಉತ್ತರ ಕೊಡುವುದಿಲ್ಲವಲ್ಲ. ಅದಕ್ಕೂ ಅವಳೇ ಒಂದು ಉಪಾಯ ಕಂಡುಹಿಡಿದಿದ್ದಳು. ಕಿಂಡಿಯನ್ನು ಮುಚ್ಚಿ ಹತ್ತು ದಿನ ಕಾಯುವುದು. ಬೇಕಾದವರಿದ್ದರೆ ಬಾಯಿ ಬಡಿದುಕೊಂಡು ಫೋನು ಮಾಡುತ್ತಾರೆ, ಆಗ ಅವರ ಹೆಸರು ಬರೆದುಕೊಂಡು ತೆರೆಯುವುದು. ಫೋನು ಬರದಿದ್ದರೆ ಪಟ್ಟಿಯಿಂದಲೇ ಅಳಿಸಿಬಿಡುವುದು. ಮೂರು ವರ್ಷ ಹೇಳುವವರು ಕೇಳುವವರು ಇಲ್ಲದಿದ್ದ ಒಂದು ಕಿಂಡಿಯನ್ನು ಅವಳು ಹೀಗೆ ಮುಚ್ಚಿದಾಗ ಏಳೇ ನಿಮಿಷದಲ್ಲಿ ಮೂವರು ಅಪ್ಪಂದಿರು ಹುಟ್ಟಿಕೊಂಡಿದ್ದರು. ಈ ಕಥೆಯನ್ನು ಹೊಸಬರಿಗೆಲ್ಲ ಹೇಳಿ ನಗುತ್ತಿದ್ದಳು. ಸುಮ್ಮನಿರುವವರಿಗೆ ತೊಂದರೆ ಇಲ್ಲ ಎಂಬುದು ಅವಳ ಲೆಕ್ಕಾಚಾರ, ಇಷ್ಟು ವರ್ಷ ಅದು ತಪ್ಪಿರಲಿಲ್ಲ. ತಪ್ಪಿದ್ದರೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಈ ವರ್ಷ ಅವಳಿಗೆ ಆ ಪಟ್ಟಿಯನ್ನು ಚೊಕ್ಕ ಮಾಡುವ ಅವಸರ ಎಂದಿಗಿಂತ ಹೆಚ್ಚಿತ್ತು. ಅವಧಿಗೆ ಮುಂಚೆ ಬಿಡುಗಡೆ ಕೇಳಿ ಅರ್ಜಿ ಹಾಕಿದ್ದಳು. ತಪಾಸಣೆಯವರು ಬಂದು ಹೋಗಲಿ, ಪಟ್ಟಿಯಲ್ಲಿ ಒಂದೂ ಅನಾಥ ಕಿಂಡಿ ಇರಬಾರದು, ಆಮೇಲೆ ಬಿಡುತ್ತೇವೆ ಎಂದು ಸಾಹೇಬರು ಒಪ್ಪಿದ್ದರು. ಈ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು, ಹಾಕಿದರೂ ಸಿಗುತ್ತದೆಂಬ ಖಾತರಿ ಇಲ್ಲ.

ಬಿಡುಗಡೆ ಬೇಕಾಗಿದ್ದದ್ದು ಅವಳೊಬ್ಬಳಿಗೇ ಅಲ್ಲ. ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ವರ್ಷದಿಂದ ಅವನ ಬಲಗೈ ನಡುಗುತ್ತಿತ್ತು. ಹೊಲಿಗೆ ಹೇಗೋ ನಡೆಯುತ್ತದೆ, ಯಂತ್ರದ ಪಾದ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಆದರೆ ಕತ್ತರಿ ಹಿಡಿದರೆ ಬಟ್ಟೆ ಅರ್ಧ ಬೆರಳಿನಷ್ಟು ಆಚೀಚೆ ಹೋಗುತ್ತದೆ. ಕಾಲರು ಸೊಟ್ಟ ಎಂದು ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟುಹೋಗುತ್ತಿದ್ದರು. ಬೀಗದಕ್ಕ ದರ್ಜಿಯ ಮಗಳೂ ಹೌದು, ಅಪ್ಪನ ಕೈಕೆಳಗೆ ಬಟ್ಟೆ ಕತ್ತರಿಸುವುದನ್ನು ಕಲಿತವಳು. ಅವಳು ಕತ್ತರಿಸುವುದು, ಅವನು ಹೊಲಿಯುವುದು, ಹೀಗೆ ಅಂಗಡಿ ಉಳಿಸಿಕೊಳ್ಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅದೇ ಧೈರ್ಯದ ಮೇಲೆ ಅವನು ಆಸ್ಪತ್ರೆಯ ದಾದಿಯರ ಎಂಬತ್ತು ಜೊತೆ ಬಟ್ಟೆ ಹೊಲಿದುಕೊಡಲು ಒಪ್ಪಿಕೊಂಡುಬಿಟ್ಟಿದ್ದ. ಕೈ ಹೇಗಿದೆ ಎಂದು ಅವಳು ಕೇಳಿದರೆ, ಪರವಾಗಿಲ್ಲ ಎನ್ನುತ್ತಿದ್ದ. ಅದರ ಮೇಲೆ ಅವಳು ಕೇಳುತ್ತಿರಲಿಲ್ಲ.

ಪಟ್ಟಿಯಲ್ಲಿದ್ದ ಇನ್ನೂರು ಚಿಲ್ಲರೆ ಅನಾಥ ಕಿಂಡಿಗಳು ಒಂದೊಂದಾಗಿ ಮುಗಿದವು. ಕೊನೆಗೆ ಉಳಿದದ್ದು ನಾನೂರ ಹನ್ನೊಂದು. ಅದರ ಒಡೆಯನ ಜಾಗದಲ್ಲಿ ಎಂದೋ ನಿವೃತ್ತನಾದ ಒಬ್ಬ ಅಧಿಕಾರಿಯ ಹೆಸರಿತ್ತು. ಪಕ್ಕದಲ್ಲಿ ‘ತಾತ್ಕಾಲಿಕ, ಎರಡು ವಾರ’ ಎಂಬ ಟಿಪ್ಪಣಿ ಇತ್ತು. ತೆರೆದು ಹತ್ತೊಂಬತ್ತು ವರ್ಷವಾಗಿತ್ತು. ತೆರೆದವರು ಯಾರೆಂದು ನೋಡಿದರೆ ಸಾಕ್ಷಾತ್ ಅವಳೇ. ಯಾಕೆ ತೆರೆದಳು, ಯಾರಿಗಾಗಿ ತೆರೆದಳು, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಹಾಗೆ ನೋಡಿದರೆ ಅಂದು ಅವಳಿಗೆ ಮೂವತ್ತೈದು, ತಾತ್ಕಾಲಿಕ ಎನ್ನುವ ಮಾತನ್ನು ನಂಬುವ ವಯಸ್ಸು. ಒಂದು ಶುಕ್ರವಾರ ಅದನ್ನು ಮುಚ್ಚಿದಳು. ಹತ್ತು ದಿನ ಕಾದಳು. ಫೋನು ಬರಲಿಲ್ಲ. ಸೋಮವಾರ ಅಳಿಸಿ, ಪಟ್ಟಿ ಚೊಕ್ಕವಾಗಿದೆ ಎಂದು ಸಹಿ ಹಾಕಿದಳು. ಮಂಗಳವಾರ ತಪಾಸಣೆಯವರು ಬಂದು ಮೆಚ್ಚಿಕೊಂಡು ಹೋದರು. ಬುಧವಾರ ಬಿಡುಗಡೆಯ ಆದೇಶ ಬಂತು, ಶುಕ್ರವಾರ ಕೊನೆಯ ದಿನ.

ಗುರುವಾರ ಅವಳು ತನ್ನ ಕೆಲಸವನ್ನು ಪಕ್ಕದ ಮೇಜಿನವನಿಗೆ ಒಪ್ಪಿಸುತ್ತಿದ್ದಳು. ಅವನೂ ಹದಿನೈದು ವರ್ಷದ ಹಳಬ, ಏನು ಹೇಳಿದರೂ ನಾಳೆ ಮಾಡೋಣ ಎನ್ನುತ್ತಿದ್ದುದರಿಂದ ಅವನಿಗೆ ನಾಳೆಯಪ್ಪ ಎಂದು ಹೆಸರಾಗಿತ್ತು. ಗೋಡೆ ಯಾರನ್ನು ತಡೆದು ವಾಪಸು ಕಳಿಸಿತು ಎಂಬ ದಾಖಲೆಯನ್ನು ಹೇಗೆ ಓದಬೇಕೆಂದು ತೋರಿಸಲು, ಕೈಗೆ ಸಿಕ್ಕಿದ ನಾನೂರ ಹನ್ನೊಂದರ ದಾಖಲೆಯನ್ನೇ ತೆರೆದಳು. ಆ ಕಡೆಯಿಂದ ಯಾವುದೋ ಯಂತ್ರ ಕಾಲು ಗಂಟೆಗೊಮ್ಮೆ ಬಂದು ತಟ್ಟಿ ಹೋಗುತ್ತಿತ್ತು. ಅದರಲ್ಲಿ ಹೊಸದೇನಿಲ್ಲ. ಯಾರೋ ಆರಿಸಲು ಮರೆತ ಯಂತ್ರಗಳು ವರ್ಷಗಟ್ಟಲೆ ಹೀಗೆ ತಟ್ಟುತ್ತಿರುತ್ತವೆ, ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮುಂದಿನ ಪುಟಕ್ಕೆ ಹೋಗಬೇಕಿದ್ದ ಅವಳ ಬೆರಳು ನಿಂತಿತು. ಕಾಲು ಗಂಟೆಯ ತಟ್ಟುವಿಕೆಗಳ ನಡುವೆ ಬೇರೆ ಕೆಲವು ಇದ್ದವು. ಹಿಂದಿನ ದಿನ ಬೆಳಿಗ್ಗೆ ಏಳು ಐವತ್ತೆರಡಕ್ಕೆ ಒಂದು. ಅದೇ ನಿಮಿಷದಲ್ಲಿ ಇನ್ನೊಂದು. ಐವತ್ತಮೂರಕ್ಕೆ ಒಟ್ಟಿಗೆ ಐದು. ಆಮೇಲೆ ಮಧ್ಯಾಹ್ನ ಊಟದ ಹೊತ್ತಿನವರೆಗೆ ಏನೂ ಇಲ್ಲ, ಮತ್ತೆ ಆರು. ಬಾರದ ಲಿಫ್ಟಿನ ಗುಂಡಿಯನ್ನು ಒತ್ತಿ ಒತ್ತಿ ನೋಡುವವರ ಹಾಗೆ. ಯಂತ್ರಕ್ಕೆ ಸಿಟ್ಟು ಬರುವುದಿಲ್ಲ, ಅದು ಹೀಗೆ ತಟ್ಟುವುದಿಲ್ಲ. ಗೋಡೆಯ ಆಚೆ ಯಾರೋ ಮನುಷ್ಯರಿದ್ದರು.

ಹಳೆಯ ನಕ್ಷೆಗಳ ಕಪಾಟು ತೆಗೆದು ಅವಳು ಆ ವಿಳಾಸವನ್ನು ಹುಡುಕಿದಳು. ಅದು ಬಂಡೆ ಠಾಣೆಯದು. ಸಮುದ್ರದ ನಡುವೆ ಒಂದು ಬಂಡೆ, ಅದರ ಮೇಲೆ ಹಾದುಹೋಗುವ ಹಡಗುಗಳನ್ನು ಎಣಿಸುವ ಎಂಟು ಜನ, ತಿಂಗಳಿಗೊಮ್ಮೆ ದೋಣಿ. ಅವರ ಸಾಮಾನಿನ ಪಟ್ಟಿ, ವೈದ್ಯರಿಗೆ ಕಳಿಸುವ ಚಿತ್ರ, ಮನೆಗೆ ಬರೆಯುವ ಪತ್ರ ಎಲ್ಲವೂ ಆ ಒಂದೇ ಕಿಂಡಿಯಲ್ಲಿ ಬರುತ್ತಿತ್ತು. ಅವರ ಫೋನು ಸಹ. ಬೀಗದಕ್ಕ ಆ ಸಾಲನ್ನು ಇನ್ನೊಂದು ಸಲ ಓದಿದಳು. ಅವರು ಫೋನು ಮಾಡಲಿ ಎಂದು ಅವಳು ಹತ್ತು ದಿನ ಕಾದಿದ್ದಳು, ಅವರ ಫೋನನ್ನು ಮುಚ್ಚಿಟ್ಟುಕೊಂಡು.

ಕೇಬಲ್ ವಿಭಾಗಕ್ಕೆ ಫೋನು ಮಾಡಿದಳು. ಹೌದು, ಬಂಡೆಯಿಂದ ದೂರು ಬಂದಿತ್ತು, ಕೇಬಲ್ ಪರೀಕ್ಷೆ ಮಾಡಿದೆವು, ಕೇಬಲ್ ಸರಿಯಾಗಿದೆ, ದೋಷವಿಲ್ಲ ಎಂದು ಬರೆದು ದೂರನ್ನು ಮುಗಿಸಿದ್ದೇವೆ ಎಂದರು. ರೇಡಿಯೋ ಕೋಣೆಗೆ ಫೋನು ಮಾಡಿದಳು. ಅಲ್ಲಿಯವನು ತನ್ನ ಪುಸ್ತಕ ನೋಡಿ, ಬಂಡೆಯವರಿಗೆ ದಿನಕ್ಕೆ ಹತ್ತೇ ನಿಮಿಷ ರೇಡಿಯೋ, ಅದರಲ್ಲಿ ಹಡಗುಗಳ ವರದಿ ಮಾತ್ರ ಕೊಡಬೇಕು ಎಂದ. ಆದರೂ ಮೂರು ಸಲ ಲೈನ್ ಸತ್ತಿದೆ ಎಂದು ಹೇಳಿದ್ದರಂತೆ, ಅದನ್ನು ಅವನು ಕೇಬಲ್ ವಿಭಾಗಕ್ಕೆ ತಿಳಿಸಿದ್ದನಂತೆ. ಅಡುಗೆಯವನ ಕೈ ಸುಟ್ಟಿದೆ ಎಂದೂ ಒಂದು ಸಲ ಹೇಳಿದ್ದರಂತೆ. ಗಾಯ ಚೊಕ್ಕವಾಗಿಟ್ಟುಕೊಳ್ಳಿ, ಇಪ್ಪತ್ತನೇ ತಾರೀಖಿಗೆ ದೋಣಿ ಬರುತ್ತದೆ ಎಂದು ಉತ್ತರ ಹೋಗಿತ್ತಂತೆ. ಎಲ್ಲರೂ ಅವರವರ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು.

ಅವಳು ನೇರವಾಗಿ ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಕೆಟ್ಟವರಲ್ಲ, ಹದಿನೆಂಟು ತಿಂಗಳಿಗೆ ಬಂದು ಹೋಗುವ ಎಲ್ಲ ಸಾಹೇಬರ ಹಾಗೆ ಹೆದರಿಕೆಯವರು. ಎಲ್ಲ ಕೇಳಿ, ಖಂಡಿತ ತೆರೆಯೋಣ, ಒಡೆಯನ ಹೆಸರು ತನ್ನಿ ಎಂದರು. ಮೊನ್ನೆಯಷ್ಟೇ ತಪಾಸಣೆ ಮುಗಿದಿದೆ, ಒಡೆಯ ಇಲ್ಲದೆ ಒಂದು ಕಿಂಡಿ ತೆರೆದರೂ ಇಡೀ ನೆಟ್‌ವರ್ಕಿನ ಅನುಮತಿ ಹೋಗುತ್ತದೆ ಎಂದರು. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು, ನಿಯಮ ಅವಳದೇ. ಬಂಡೆಯ ಮುಖ್ಯಸ್ಥನನ್ನೇ ಒಡೆಯನಾಗಿಸೋಣವೆಂದರೆ ಅದರ ಅರ್ಜಿಯನ್ನು ನೆಟ್‌ವರ್ಕಿನ ಒಳಗೇ ತುಂಬಬೇಕು, ಅವನು ಒಳಗೆ ಬರಲಾರ, ಬಂದರೂ ಬಂಡೆಯ ಮೇಲೆ ಯಾರನ್ನೂ ಆರು ತಿಂಗಳಿಗಿಂತ ಹೆಚ್ಚು ಇಡುವುದಿಲ್ಲ. ಈಚೆ ಕಡೆ ಬಂಡೆಯನ್ನು ನೋಡಿಕೊಳ್ಳುವ ಅಧಿಕಾರಿ ಹೋದ ತಿಂಗಳು ವರ್ಗವಾಗಿದ್ದ, ಹೊಸಬ ಬಂದಿರಲಿಲ್ಲ.

“ಸಾರ್, ನೀವೇ ಆಗಿ,” ಎಂದಳು.

ಸಾಹೇಬರು ಕ್ಯಾಲೆಂಡರಿನ ಕಡೆ ನೋಡಿದರು. ತಮ್ಮದು ಇನ್ನು ಐದೇ ತಿಂಗಳು, ಒಂದು ವರ್ಷ ಇರುವವರೇ ಆಗಬೇಕಲ್ಲ ಎಂದರು. ಅವರ ದನಿಯಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು.

ವಾಪಸು ಬಂದು ನಾಳೆಯಪ್ಪನನ್ನು ಕೇಳಿದಳು. ಅವನು ಮೊದಲ ಸಲ ನಾಳೆ ಎನ್ನಲಿಲ್ಲ.

“ಅಕ್ಕ, ಬೇರೆ ಏನು ಬೇಕಾದ್ರೂ ಕೇಳಿ, ಮಾಡ್ತೀನಿ. ನನ್ನ ಹೆಸರು ಮಾತ್ರ ಬೇಡ. ಹತ್ತೊಂಬತ್ತು ವರ್ಷದ ಹಳೇ ಲೈನು, ಆ ಕಡೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ನಾಳೆ ಯಾರಾದ್ರೂ ಅದ್ರಲ್ಲಿ ನುಗ್ಗಿದ್ರೆ ನನ್ನ ಮಕ್ಕಳ ಗತಿ ಏನು?”

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಹೀಗೆ ಹೆದರಲಿ ಎಂದೇ ಅಲ್ಲವೇ ಅವಳು ಆ ನಿಯಮವನ್ನು ಬರೆಸಿದ್ದು. ಹೆದರಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತ್ತು. ಇನ್ನೂ ನಾಲ್ಕು ವಿಭಾಗಗಳಿಗೆ ಫೋನು ಮಾಡಿದಳು. ಒಬ್ಬರು ಪತ್ರ ಬರೆಯಿರಿ ಎಂದರು, ಒಬ್ಬರು ಸಭೆಯಲ್ಲಿದ್ದಾರೆ ಎಂದರು, ಇನ್ನಿಬ್ಬರು ಬಂಡೆ ತಮಗೆ ಸೇರಿದ್ದೇ ಅಲ್ಲ ಎಂದರು. ಅಷ್ಟು ಹೊತ್ತಿಗೆ ಮಧ್ಯಾಹ್ನ ಒಂದೂವರೆಯಾಗಿತ್ತು. ಪರದೆಯ ಮೇಲೆ ಮತ್ತೆ ತಟ್ಟುವುದು ಕಾಣಿಸಿತು. ಒಂದು, ಎರಡು, ಆಮೇಲೆ ಒಟ್ಟಿಗೆ ನಾಲ್ಕು. ಹದಿಮೂರು ದಿನವಾದರೂ ಆ ಮನುಷ್ಯ ಇನ್ನೂ ಬಿಟ್ಟಿರಲಿಲ್ಲ.

ಬೀಗದಕ್ಕ ಸ್ವೆಟರಿನ ತೋಳು ಮೇಲೇರಿಸಿ, ಹೊಸ ಕಿಂಡಿಯ ಅರ್ಜಿಯನ್ನು ತೆರೆದಳು. ಒಡೆಯನ ಹೆಸರು ಎಂಬಲ್ಲಿ ತನ್ನ ಹೆಸರು ಬರೆದಳು. ಸೇವೆಯ ಕೊನೆಯ ದಿನ ಎಂಬಲ್ಲಿ ಶುಕ್ರವಾರದ ತಾರೀಖು ಹಾಕಿದರೆ ಯಂತ್ರ ಕೆಂಪಗಾಗಿ ನಿಂತಿತು. ಅದು ಹಾಗೆ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು, ಆದರೂ ಒಂದು ಸಲ ನೋಡೋಣ ಅನ್ನಿಸಿತ್ತು. ಎದ್ದು ಸಾಹೇಬರ ಬಳಿ ಹೋಗಿ, ಬಿಡುಗಡೆಯ ಅರ್ಜಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಎರಡು ಸಾಲು ಬರೆದುಕೊಟ್ಟಳು. ಸಾಹೇಬರು ಪೆನ್ನು ಹಿಡಿದುಕೊಂಡೇ, “ಮೇಡಂ, ಇನ್ನೊಂದು ಸಲ ಯೋಚನೆ ಮಾಡಿ. ಮುಂದಿನ ವರ್ಷ ನಾನಿರಲ್ಲ, ಹೊಸಬರು ಬಿಡ್ತಾರೋ ಇಲ್ವೋ,” ಎಂದರು. ಯೋಚನೆ ಮಾಡಿದರೆ ಬರೆಯೋದಿಲ್ಲ ಸಾರ್, ಸಹಿ ಹಾಕಿಬಿಡಿ ಎಂದು ಅವಳು ಹೇಳಿದಳು.

ಎರಡು ಗಂಟೆ ಹತ್ತಕ್ಕೆ ಕಿಂಡಿ ತೆರೆಯಿತು. ಬಂಡೆಯ ನಂಬರನ್ನು ಅವಳೇ ಒತ್ತಿದಳು. ಫೋನು ಒಂದು ಸಲ ಪೂರ್ತಿ ರಿಂಗಾಗುವ ಮೊದಲೇ ಯಾರೋ ಎತ್ತಿಕೊಂಡರು. ಠಾಣೆಯ ಕಾಂಪೌಂಡರಂತೆ, ವಯಸ್ಸಾದವನ ದನಿ. ಅಡುಗೆಯವನ ಕೈಗೆ ಕುದಿಯುವ ಎಣ್ಣೆ ಬಿದ್ದು ಹತ್ತು ದಿನವಾಯಿತು, ಮೊದಲೆರಡು ದಿನ ಅಷ್ಟೇನಿರಲಿಲ್ಲ, ಈಗ ಬೆರಳು ಕಪ್ಪಾಗಿದೆ, ವೈದ್ಯರಿಗೆ ಚಿತ್ರ ಕಳಿಸುತ್ತಲೇ ಇದ್ದೆ, ಹೋಗುತ್ತಲೇ ಇರಲಿಲ್ಲ ಎಂದ. ಈಗ ಕಳಿಸಿ, ಈಗ ಹೋಗುತ್ತದೆ ಎಂದಳು. ಅವನು ಬೈಯುತ್ತಾನೆ ಎಂದು ಕಾದಳು. ಅವನು ಬೈಯಲಿಲ್ಲ.

“ಅಮ್ಮಾ, ಮತ್ತೆ ಹೀಗಾದ್ರೆ ಯಾರಿಗೆ ಹೇಳ್ಬೇಕು? ಕೇಳಿದ್ರೆ ಎಲ್ಲರೂ ಅವರಲ್ಲ ಅಂತಾರೆ.”

“ನನಗೆ ಹೇಳಿ,” ಎಂದಳು. “ಮುಚ್ಚಿದ್ದೂ ನಾನೇ.”

ಅವನು ಆಗಲಿ ಎಂದು ಹೇಳಿ, ಚಿತ್ರ ಕಳಿಸಬೇಕು ಎಂದು ಫೋನಿಟ್ಟ. ವೈದ್ಯರು ಚಿತ್ರ ನೋಡಿದ ಅರ್ಧ ಗಂಟೆಗೆ ದೋಣಿ ಹೊರಟಿತು. ಅಡುಗೆಯವನ ಕೈ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ. ಅದು ಅವಳಿಗೆ ತಿಳಿದದ್ದು ಮುಂದಿನ ವಾರ. ವಿಚಾರಣೆಯೂ ನಡೆಯಿತು, ಕಾಗದದ ಮೇಲೆ ಎಲ್ಲ ನಿಯಮದಂತೆ ಇದ್ದುದರಿಂದ ಯಾರದೂ ತಪ್ಪಿಲ್ಲ ಎಂದು ಬರೆದರು. ತನ್ನದೇ ತಪ್ಪು ಎಂದು ಅವಳು ಕೊಟ್ಟ ಹೇಳಿಕೆಯನ್ನು ಎಲ್ಲಿ ಸೇರಿಸಬೇಕೆಂದು ಗೊತ್ತಾಗದೆ ಕಡತದ ಹಿಂಬದಿಗೆ ಪಿನ್ನು ಚುಚ್ಚಿ ಇಟ್ಟರು.

ಆದರೆ ಆ ಗುರುವಾರ ಸಂಜೆ ಅವಳಿಗೆ ಇನ್ನೊಂದು ಕೆಲಸ ಬಾಕಿ ಇತ್ತು. ಮನೆಗೆ ಹೋದಾಗ ಗಂಡ ಅಂಗಡಿಯ ದೊಡ್ಡ ಮೇಜಿನ ಮೇಲೆ ದಾದಿಯರ ಬಿಳಿ ಬಟ್ಟೆಯನ್ನು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಗೆರೆ ನಡುಗಿದ್ದಲ್ಲೆಲ್ಲ ಒರೆಸಿ ಮತ್ತೆ ಎಳೆದಿದ್ದ. ಶನಿವಾರದಿಂದ ನೀನು ಕತ್ತರಿ ಹಾಕುವುದೊಂದೇ ಬಾಕಿ ಎಂದ. ಅವಳು ಚಪ್ಪಲಿ ಬಿಡದೆ ನಿಂತಲ್ಲಿಯೇ ಎಲ್ಲವನ್ನೂ ಹೇಳಿದಳು.

ಅವನು ಸೀಮೆಸುಣ್ಣ ಕೆಳಗಿಟ್ಟ. “ಎಷ್ಟು ದಿನ?”

“ಬೇರೆ ಯಾರಾದ್ರೂ ಅವರ ಹೆಸರು ಬರೆಯೋವರೆಗೂ ಅಷ್ಟೇ ರೀ.”

“ಇಷ್ಟು ವರ್ಷದಲ್ಲಿ ಇನ್ನೊಬ್ಬರ ಕಿಂಡಿಗೆ ಯಾರಾದ್ರೂ ತಮ್ಮ ಹೆಸರು ಬರ್ದಿದ್ದಾರಾ?”

ಅವಳು ಸುಳ್ಳು ಹೇಳಬಹುದಿತ್ತು. “ಇಲ್ಲ,” ಎಂದಳು. “ನಾನೇ ಮೊದಲು.”

ಅವನು ತಲೆಯಾಡಿಸಿದ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಟ್ಟೆ ವಾಪಸು ಕೊಟ್ಟು ಬರುತ್ತೇನೆ ಎಂದು, ಗೆರೆ ಎಳೆದ ಬಟ್ಟೆಯನ್ನು ಮಡಿಸತೊಡಗಿದ. ಬೇರೆ ದಿನವಾಗಿದ್ದರೆ ಅವಳು ಅದನ್ನೇ ಒಪ್ಪಿಗೆ ಎಂದುಕೊಂಡು, ಸದ್ಯ ಬೈಯಲಿಲ್ಲವಲ್ಲ ಎಂದು ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಆ ದಿನ ಹೋಗಲಾಗಲಿಲ್ಲ. ಸ್ಟೂಲು ಎಳೆದುಕೊಂಡು ಅವನೆದುರಿಗೆ ಕೂತು, ಬಟ್ಟೆ ಹಿಡಿದ ಅವನ ಬಲಗೈ ಮೇಲೆ ತನ್ನ ಕೈ ಇಟ್ಟಳು.

“ಸುಮ್ನಿರಬೇಡಿ. ಏನಾದ್ರೂ ಅನ್ನಿ.”

ಅವನು ಎಡಗೈಯಲ್ಲಿ ಬಟ್ಟೆಯ ಮಡಿಕೆಯನ್ನು ಸರಿಮಾಡಲು ನೋಡಿದ. ಅವಳು ಕೈ ತೆಗೆಯಲಿಲ್ಲ.

“ಈ ಕೈ ತುಂಬಾ ನೋಯುತ್ತೆ ಕಣೇ,” ಎಂದ ಕೊನೆಗೆ. “ಎರಡು ವರ್ಷದಿಂದ.”

ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ನೋವು ಎಂಬ ಮಾತನ್ನು ಆಡಿದ್ದು ಅದೇ ಮೊದಲು. ಅವಳು ಅಲ್ಲಿಯೇ ಕೂತು, ಎಲ್ಲಿ ನೋಯುತ್ತದೆ ಎಂದು ಕೇಳಿದಳು.